ಏಳನೇ ಗೂಡಿನ ಕಾಗದ

ಅಂಗಡಿಯವನು ಚೀಟಿಯನ್ನು ಎರಡೂ ಕಡೆ ತಿರುಗಿಸಿ ನೋಡಿ, "ಏನ್ ಸಾರ್ ಇದು, ಹಿಂದುಗಡೆ ಭೂಕಂಪ ಆಗಿದೆ?" ಎಂದು ನಕ್ಕಾಗ ಅವನೂ ನಕ್ಕುಬಿಟ್ಟ. ಮುಂದುಗಡೆ ಹೆಂಡತಿಯ ದುಂಡು ಅಕ್ಷರ: ಬಟ್ಟೆ ಸೋಪು ಎರಡು, ಉಪ್ಪು, ಬೆಂಕಿಪೊಟ್ಟಣ, ಬಚ್ಚಲಿಗೆ ಬಲ್ಬು, ಹಳದಿ ಬೇಡ. ತಾನು ಕೆಲಸ ಮಾಡುವ ಪ್ರಾಣಿಗಳ ಆಸ್ಪತ್ರೆಯಲ್ಲಿ ಹರಿದು ಬಿಸಾಡುವ ಇಸಿಜಿ ಕಾಗದದ ತುಂಡುಗಳನ್ನು ಮನೆಗೆ ತರುವುದು ಅವನ ಹಳೆಯ ಚಾಳಿ. ಹಿಂಬದಿ ಖಾಲಿ ಇರುತ್ತದೆ, ನುಣುಪಾಗಿರುತ್ತದೆ, ಸುಮ್ಮನೆ ಯಾಕೆ ಕಸಕ್ಕೆ ಹಾಕಬೇಕು ಎಂದು ಹೆಂಡತಿ ಅವನ್ನೆಲ್ಲ ಒಂದು ಡಬ್ಬದಲ್ಲಿ ಕೂಡಿಟ್ಟು ಸಾಮಾನಿನ ಚೀಟಿ ಬರೆಯುತ್ತಾಳೆ. ಇಷ್ಟು ವರ್ಷದಲ್ಲಿ ಅವನು ಒಂದನ್ನೂ ತಿರುಗಿಸಿ ನೋಡಿದವನಲ್ಲ. ಇವತ್ತು ಅಂಗಡಿಯವನು ಸಾಮಾನು ಕಟ್ಟುವಷ್ಟು ಹೊತ್ತು ಚೀಟಿ ಗಲ್ಲಾಪೆಟ್ಟಿಗೆಯ ಮೇಲೆ ಬೋರಲಾಗಿ ಬಿದ್ದಿತ್ತು. ನಾಲ್ಕು ಚಿಕ್ಕ ಚೊಕ್ಕ ಬಡಿತ, ಸಾಲಾಗಿ. ಆಮೇಲೆ ಸರದಿಗೆ ಮೊದಲೇ ಒಂದು ದಪ್ಪನೆಯದು, ತಲೆಕೆಳಗಾದದ್ದು, ಸಾಲಿನಲ್ಲಿ ಹೋಗುವ ಮಕ್ಕಳ ನಡುವೆ ಒಬ್ಬ ದಡಿಯ ನುಗ್ಗಿದ ಹಾಗೆ. ಅದರ ಹಿಂದೆ ಒಂದಿಷ್ಟು ಖಾಲಿ ಜಾಗ. ಮತ್ತೆ ಚೊಕ್ಕದವು ಮೂರು, ಮತ್ತೆ ದಡಿಯ. ಅಂಚಿನಲ್ಲಿ ಅವನದೇ ಪೆನ್ನಿನಲ್ಲಿ ಬರೆದಿತ್ತು: ಗೂಡು ೭, ಮಂಗಳವಾರ. ಅವನು ಚೀಟಿಯನ್ನು ಮಡಚಿ ಅಂಗಿಯ ಜೇಬಿಗೆ ಹಾಕಿಕೊಂಡ. ಚಿಲ್ಲರೆ ಮರೆತು ಹೊರಟವನನ್ನು ಅಂಗಡಿಯವನು ಕೂಗಿ ಕರೆಯಬೇಕಾಯಿತು. ಇವತ್ತು ಗುರುವಾರ, ಏಳನೇ ಗೂಡಿನ ನಾಯಿಮರಿ ನಿನ್ನೆಯೇ ಮನೆಗೆ ಹೋಗಿದೆ, ನಾಲಿಗೆಯಲ್ಲಿ ಬಟ್ಟಲು ನೆಕ್ಕಿ ನೆಕ್ಕಿ ಹೊಳೆಯಿಸಿ ಹೋಗಿದೆ ಎಂದು ದಾರಿಯುದ್ದಕ್ಕೂ ತನಗೆ ತಾನೇ ಹೇಳಿಕೊಂಡ. ಯಾರೂ ಕೇಳದಿದ್ದ ಪ್ರಶ್ನೆಗೆ ಉತ್ತರ ಕೊಡುತ್ತಿದ್ದೇನೆ ಎಂಬುದು ಆಸ್ಪತ್ರೆಯ ಗೇಟಿನವರೆಗೂ ಹೊಳೆಯಲಿಲ್ಲ.

ಸೋಂಕಿನ ವಾರ್ಡಿನ ಬಾಗಿಲಲ್ಲಿ ಬ್ಲೀಚಿಂಗ್ ನೀರಿನ ತಟ್ಟೆ. ಅದರಲ್ಲಿ ಬೂಟು ಅದ್ದಿಯೇ ಒಳಗೆ ಹೋಗಬೇಕು. ಪಾರ್ವೊ ಎನ್ನುವ ರೋಗ ಚಪ್ಪಲಿಗೆ ಅಂಟಿಕೊಂಡೂ ಊರು ಸುತ್ತುತ್ತದೆ. ಮರಿಗಳು ವಾಂತಿ ಮಾಡಿ, ರಕ್ತ ಭೇದಿ ಮಾಡಿ, ಒದ್ದೆ ಬಟ್ಟೆಯ ಹಾಗೆ ಮುದುಡಿ ಬೀಳುತ್ತವೆ. ಅವನು ಇನ್ನೂ ಒಂದು ಕಾಲು ತಟ್ಟೆಯಲ್ಲಿ ಇಟ್ಟಿರುವಾಗಲೇ ನೆಲ ಒರೆಸುತ್ತಿದ್ದ ಆಯಾ ತಲೆ ಎತ್ತದೆ ಹೇಳಿದಳು: "ಗ್ರಾಫಣ್ಣಾ, ಏಳರದ್ದು ಹೋಯ್ತಂತೆ. ಬೆಳಗ್ಗೆ ಫೋನ್ ಬಂದಿತ್ತು. ಚೆನ್ನಾಗಿ ಆಡ್ಕೊಂಡಿತ್ತಂತೆ, ಮೆಟ್ಟಿಲು ಹತ್ತೋವಾಗ ಬಿತ್ತಂತೆ, ಅಷ್ಟೇ. ಎತ್ತೋ ಹೊತ್ತಿಗೆ ಇರಲಿಲ್ಲವಂತೆ." ಅವನು "ಅಯ್ಯೋ" ಎಂದ. ಎಲ್ಲರೂ ಎನ್ನುವ ಹಾಗೆಯೇ ಬಂತು ಆ ಅಯ್ಯೋ, ಅದರಲ್ಲಿ ಒಂದು ಕೂದಲೆಳೆಯಷ್ಟೂ ವ್ಯತ್ಯಾಸ ಇರಲಿಲ್ಲ, ಅದಕ್ಕೇ ಅವನಿಗೆ ಭಯವಾದದ್ದು. ತಟ್ಟೆಯಿಂದ ಕಾಲು ತೆಗೆಯುವುದನ್ನು ಮರೆತು ನಿಂತಿದ್ದ. ನೀರು ಬೂಟಿನ ಹೊಲಿಗೆಯಿಂದ ಒಳಗೆ ಇಳಿದು ಕಾಲುಚೀಲ ತೊಯ್ಯಿತು.

ಏಳು, ಎಂಟನೇ ಗೂಡುಗಳ ಎರಡು ಮರಿಗಳು ಒಂದೇ ಸೂಲಿನವು. ಶಾಲೆಯ ಸಮವಸ್ತ್ರ ಹೊಲಿಯುವ ಹೆಂಗಸೊಬ್ಬಳು ಯಾವುದೋ ಗೋದಾಮಿನ ಹಿಂದೆ ಬಿದ್ದಿದ್ದ ಅವನ್ನು ಬಟ್ಟೆಯ ಚೂರುಗಳ ಬುಟ್ಟಿಯಲ್ಲಿಟ್ಟು ತಂದಿದ್ದಳು. ಹೆಣ್ಣಿಗೆ ಸೂಜಿ ಎಂದು ಹೆಸರಿಟ್ಟಿದ್ದಳು, ಹಲ್ಲು ಹಾಗಿದ್ದವು. ಗಂಡಿಗೆ ದಾರ, ಯಾವಾಗಲೂ ಅವಳ ಬಾಲದ ಹಿಂದೆ. ಸೂಜಿ ಏಳನೇ ಗೂಡು, ದಾರ ಎಂಟನೆಯದು. ಎಂಟು ದಿನ ಡ್ರಿಪ್ ಹಾಕಿಸಿಕೊಂಡು ಎರಡೂ ಬದುಕಿದ್ದವು. ಬದುಕುವ ಮರಿಗಳು ಕಡಿಮೆ, ಆದ್ದರಿಂದ ವಾರ್ಡಿನಲ್ಲಿ ಎಲ್ಲರ ಬಾಯಲ್ಲೂ ಅವುಗಳದೇ ಮಾತು. ಸೋಮವಾರ ಸಂಜೆ ಡಾಕ್ಟರಮ್ಮ ಸೂಜಿಯ ಎದೆಗೆ ಸ್ಟೆತೊಸ್ಕೋಪ್ ಇಟ್ಟು ಬಹಳ ಹೊತ್ತು ಬಗ್ಗಿದ್ದಳು. "ಎಲ್ಲೋ ಒಂದು ಬಡಿತ ತಪ್ಪಿದ ಹಾಗಾಯ್ತು. ಈ ರೋಗ ಎಳೇ ಮರಿಗಳ ಹೃದಯಕ್ಕೂ ಇಳಿಯುತ್ತೆ. ಹೊಟ್ಟೆ ವಾಸಿಯಾಗಿರುತ್ತೆ, ನಾವು ಕುಣೀತೀವಿ, ಅದು ಒಳಗೆ ಕೂತಿರುತ್ತೆ. ಗ್ರಾಫಣ್ಣ, ನಾಳೆ ಇದಕ್ಕೊಂದು ಇಸಿಜಿ ತೆಗೀರಿ. ಅದು ಸರಿ ಇದ್ರೆ ಕಳಿಸೋಣ. ದಾರ ಇನ್ನೂ ಸರಿಯಾಗಿ ತಿಂತಿಲ್ಲ, ಅವನು ಎರಡು ದಿನ ಇರಲಿ."

ಮನುಷ್ಯರ ಆಸ್ಪತ್ರೆಯ ಇಸಿಜಿ ಕೋಣೆಯಲ್ಲಿ ಅವನು ಹದಿನೆಂಟು ವರ್ಷ ಇದ್ದ. ಅಲ್ಲಿನ ಮುಖ್ಯಸ್ಥರು ಮೊದಲ ತಿಂಗಳಲ್ಲೇ ಅವನ ಒಂದು ಕಾಗದವನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದು, ರೋಗಿಯ ಮಡದಿ ಮಕ್ಕಳೆಲ್ಲ ಇದ್ದ ಹಾಗೆಯೇ, "ಏನಯ್ಯಾ ಇದು, ಕೋಳಿ ಕೆದಕಿದ ಹಾಗಿದೆ?" ಎಂದಿದ್ದರು. ರೋಗಿ ಕೆಮ್ಮಿದ್ದ, ಅದಕ್ಕೆ ಗೆರೆ ಓಲಾಡಿತ್ತು, ಅದನ್ನು ಹೇಳಲು ಬಾಯಿ ತೆರೆಯುವಷ್ಟರಲ್ಲಿ ಅವರು ಹೋಗಿಯಾಗಿತ್ತು. ಅಂದಿನಿಂದ ಅವನು ಗೆರೆ ನೆಟ್ಟಗಿರುವ ಐದಾರು ಇಂಚನ್ನು ಮಾತ್ರ ಉಳಿಸಿ, ಅಡ್ಡಾದಿಡ್ಡಿ ಹೋದದ್ದನ್ನು ಅಡಿಕೋಲಿಟ್ಟು ಹರಿದು, ಅಂಟು ಹಚ್ಚಿ ಫೈಲಿಗೆ ಅಂಟಿಸುವುದನ್ನು ಕಲಿತ. ಅವನ ಫೈಲುಗಳನ್ನು ಕಲಿಯುವವರಿಗೆ ತೋರಿಸುತ್ತಿದ್ದರು. ನೋಡಿ, ಕೈ ಅಂದರೆ ಇದು. ಯಂತ್ರಗಳು ಹೊಸವಾಗಿ, ಕಾಗದವೇ ಬೇಡವಾಗಿ, ಅವನೂ ಬೇಡವಾದ ಮೇಲೆ ಹಳೆಯ ಯಂತ್ರದ ಜೊತೆಗೇ ಈ ಪ್ರಾಣಿಗಳ ಆಸ್ಪತ್ರೆಗೆ ಬಂದ. ಬಂದ ಮೊದಲ ವಾರ ಒಂದು ನಾಯಿಯ ಬಡಿತ ಹತ್ತಿರ ಹತ್ತಿರ, ದೂರ ದೂರ, ಮತ್ತೆ ಹತ್ತಿರ ಬಂದದ್ದು ಕಂಡು, ಕಾಗದ ಹಿಡಿದು ಓಣಿಯುದ್ದಕ್ಕೂ "ಮೇಡಂ, ಮೇಡಂ" ಎಂದು ಓಡಿದ. ಡಾಕ್ಟರಮ್ಮ ಕೆಟ್ಟವಳಲ್ಲ, ಅವನ ಮಗಳ ವಯಸ್ಸಿನವಳು, ಆದರೆ ನಗು ತಡೆಯಲಾಗಲಿಲ್ಲ ಅವಳಿಗೆ. "ನಾಯಿ ಹೃದಯ ಇರೋದೇ ಹಾಗೆ, ಗ್ರಾಫಣ್ಣ. ಉಸಿರಿನ ಜೊತೆ ಓಲಾಡುತ್ತೆ. ಅದು ಆರೋಗ್ಯ." ಆಮೇಲೆ ಒಂದು ತಿಂಗಳು ಆಯಾ, ಕಾವಲಿನವನು, ಔಷಧಿ ಕೊಡುವವನು, ಯಾರ ಕೈಯಲ್ಲಿ ಏನು ಕಾಗದ ಕಂಡರೂ "ಮೇಡಂ, ಮೇಡಂ" ಎನ್ನುತ್ತಿದ್ದರು. ಗ್ರಾಫಣ್ಣ ಎಂಬ ಹೆಸರು ಅಂಟಿದ್ದೂ ಆವಾಗಲೇ. ಅವನು ಎಲ್ಲರ ಜೊತೆ ನಗುತ್ತಿದ್ದ. ಮತ್ತೆ ಅಡಿಕೋಲು ತಂದಿಟ್ಟುಕೊಂಡ.

ಡಾಕ್ಟರಮ್ಮ ಬಂದಳು, ಕಣ್ಣಿನ ಸುತ್ತ ಕಪ್ಪು. ಸೂಜಿಯ ಫೈಲು ಅವಳ ಕೈಯಲ್ಲಿತ್ತು. "ಸುದ್ದಿ ಕೇಳಿ ಹೃದಯ ಅಂತಲೇ ಅಂದ್ಕೊಂಡೆ. ಬಂದವಳೇ ಇದನ್ನು ತೆಗೆದು ನೋಡಿದೆ. ಎಷ್ಟು ಚೊಕ್ಕ ಇದೆ ನೋಡಿ." ಅವನು ಅಂಟಿಸಿದ್ದ ಆರು ಇಂಚು ಅಲ್ಲಿತ್ತು, ನಾಲ್ಕೂ ಮೂಲೆಗೆ ಸಮನಾಗಿ ಅಂಟು. "ಮನೇಲಿ ಏನೋ ತಿಂದಿರಬೇಕು. ಇಲಿ ಪಾಷಾಣನೋ ಏನೋ. ಇನ್ನೇನು ಹೇಳೋದು? ಆ ಹೊಲಿಗೆಯಮ್ಮ ಸಂಜೆ ಬರ್ತಾರೆ, ದಾರನ್ನ ಕಳಿಸಿಬಿಡೋಣ. ಹೊರಗೆ ಮೂರು ಮರಿ ಕಾಯ್ತಾ ಇವೆ, ಏಳೊಂದು ಸಾಕಾಗಲ್ಲ, ಇನ್ನೂ ಗೂಡು ಬೇಕು." ಅವನು "ಇವನಿಗೂ ಒಂದು ಇಸಿಜಿ..." ಎಂದ. "ಯಾಕೆ? ಅಕ್ಕಂದೇ ಸರಿ ಇತ್ತಲ್ಲ," ಎಂದು ಅವಳು ಮುಂದಿನ ಗೂಡಿಗೆ ಹೋದಳು. ಅಂದರೆ ಅವನು ಅಂಟಿಸಿದ ಆರು ಇಂಚು ಸೂಜಿಯನ್ನು ಮನೆಗೆ ಕಳಿಸಿದ್ದಲ್ಲದೆ ಈಗ ದಾರನನ್ನೂ ಕಳಿಸುತ್ತಿದೆ. ಅವನು ಸುಮ್ಮನಿದ್ದರೆ ಸಾಕು, ಕೆಲಸ ಅದರ ಪಾಡಿಗೆ ಆಗುತ್ತದೆ. ಜೇಬಿನಲ್ಲಿ ಕಾಗದ ಇರುವುದು ಎದೆಗೆ ತಿಳಿಯುತ್ತಿತ್ತು.

ನಡುಕ. ಕಾಗದದ ಮೇಲಿನ ಆ ದಡಿಯ ಮರಿಯ ನಡುಕವೇ ಇದ್ದಿರಬೇಕು. ಮರಿಯನ್ನು ಬಲ ಮಗ್ಗುಲಿಗೆ ಮಲಗಿಸಿ, ಮೊಣಕೈಗೆ ಮಂಡಿಗೆ ಸ್ಪಿರಿಟ್ ಹಚ್ಚಿ, ಕ್ಲಿಪ್ಪು ಸಿಕ್ಕಿಸಿದರೆ ಯಾವ ಮರಿ ನಡುಗುವುದಿಲ್ಲ? ಕ್ಲಿಪ್ಪಿನ ಹಲ್ಲುಗಳು ಚರ್ಮ ಕಚ್ಚದಿರಲಿ ಎಂದು ಅವನೇ ಅರ ತಂದು ಉಜ್ಜಿ ಮೊಂಡು ಮಾಡಿದ್ದ, ಅಷ್ಟು ಕನಿಕರ ಉಳ್ಳವನು, ಅಂಥವನು ಬೇಕೆಂದೇ ಮಾಡುತ್ತಾನೆಯೇ? ಹೀಗೆ ವಾದ ಮಾಡುತ್ತ ಅವನು ಗೂಡುಗಳ ತಟ್ಟೆ ತೊಳೆಯುವವರ ಪಕ್ಕದಲ್ಲಿ ನಿಂತಿದ್ದ, ಅವನ ಕೆಲಸವೇ ಅಲ್ಲದ ಕಡೆ. ಆದರೆ ಮಂಗಳವಾರ ಯಂತ್ರ ಓಡುತ್ತಿದ್ದಾಗ ಅವನ ಎಡಗೈಯ ನಡುಬೆರಳು ಸೂಜಿಯ ತೊಡೆಯ ಒಳಗಡೆ, ನಾಡಿ ಹಾಯುವ ಜಾಗದಲ್ಲಿತ್ತು. ಮರಿ ಅಲುಗದಂತೆ ಹಿಡಿಯುವಾಗ ಬೆರಳು ಅಲ್ಲಿಗೇ ಹೋಗುತ್ತದೆ. ಚೊಕ್ಕದು, ಚೊಕ್ಕದು, ಚೊಕ್ಕದು, ಚೊಕ್ಕದು. ಕಾಗದದ ಮೇಲೆ ದಡಿಯ ಬಿದ್ದ ಕ್ಷಣ ಬೆರಳ ಕೆಳಗೆ ಏನೂ ಇರಲಿಲ್ಲ. ನಾಡಿ ಹೆಜ್ಜೆ ತಪ್ಪಿತ್ತು. ಕೆಳಗಿಲ್ಲದ ಮೆಟ್ಟಿಲ ಮೇಲೆ ಕಾಲಿಟ್ಟ ಹಾಗಾಗಿತ್ತು. ಕಾಲು ನಡುಗಿದರೆ ಗೆರೆ ಕೆಡುತ್ತದೆ, ನಾಡಿ ನಿಲ್ಲುವುದಿಲ್ಲ. ಹದಿನೆಂಟು ವರ್ಷ ಅದೇ ಕೆಲಸ ಮಾಡಿದವನಿಗೆ ಇದು ಗೊತ್ತಿರಲಿಲ್ಲವೆಂದರೆ ಯಾರು ನಂಬುತ್ತಾರೆ? ಬೆರಳಿಗೆ ಗೊತ್ತಿತ್ತು. ಬೆರಳಿಗೆ ಗೊತ್ತಿದ್ದೂ ಬಲಗೈ ಅಡಿಕೋಲು ಇಟ್ಟಿತು, ಹರಿಯಿತು. ಆ ಹೊತ್ತಿಗೆ ಬಾಗಿಲಲ್ಲಿ ಆಯಾ ನಿಂತಿದ್ದಳು, ಅವನ ಕಿವಿಯಲ್ಲಿ "ಮೇಡಂ, ಮೇಡಂ" ಕೇಳಿತ್ತು. ಇಷ್ಟೇ ಕಾರಣ. ಇದಕ್ಕಿಂತ ದೊಡ್ಡದೊಂದು ಕಾರಣ ಇದ್ದಿದ್ದರೆ ಚೆನ್ನಾಗಿತ್ತು ಎಂದು ಅವನು ಹುಡುಕಿದ. ಸಿಗಲಿಲ್ಲ.

ಸೋಂಕಿನ ಕಸಕ್ಕೆ ಹಳದಿ ಡಬ್ಬ ಇದೆ. ಸಂಜೆ ಅದರಲ್ಲಿರುವುದನ್ನೆಲ್ಲ ಸುಡುತ್ತಾರೆ. ಅವನು ಎರಡು ಸಲ ಅಲ್ಲಿಯವರೆಗೆ ಹೋದ. ಎರಡನೇ ಸಲ ಕಾಲಿನಿಂದ ಮುಚ್ಚಳ ಎತ್ತಿಯೂ ಆಗಿತ್ತು. ಶಾಲೆಯಲ್ಲಿದ್ದಾಗ ಲೆಕ್ಕದ ಪುಸ್ತಕದಲ್ಲಿ ಕೆಂಪು ಶಾಯಿ ಬಿದ್ದ ಹಾಳೆಗಳನ್ನೆಲ್ಲ ಹೊಲಿಗೆ ಸಡಿಲಿಸಿ ಮೆಲ್ಲಗೆ ಎಳೆದು ಹಾಕುತ್ತಿದ್ದ. ಮನೆಯಲ್ಲಿ ಅಪ್ಪ ಪುಟ ತಿರುಗಿಸಿ, ಎಲ್ಲ ಸರಿ ಇದೆಯಲ್ಲ, ಭೇಷ್ ಎನ್ನುತ್ತಿದ್ದರು. ಅಕ್ಕ ಮಾತ್ರ ಒಂದು ದಿನ ಪುಸ್ತಕವನ್ನು ಅಂಗೈ ಮೇಲೆ ತೂಗಿ, "ಏನೋ, ನಿನ್ನ ಪುಸ್ತಕ ಇತ್ತೀಚೆಗೆ ಸೊರಗಿಹೋಗಿದೆ, ಜ್ವರ ಗಿರ ಬಂದಿತ್ತಾ?" ಎಂದಳು. ಅವಳು ಯಾರಿಗೂ ಹೇಳಲಿಲ್ಲ. ಹೇಳದೆ ಇದ್ದದ್ದೇ ಅವನನ್ನು ವರ್ಷಗಟ್ಟಲೆ ಕೊರೆಯಿತು, ಅವಳು ಹೇಳಿಬಿಟ್ಟಿದ್ದರೆ ಎರಡು ಏಟಿನಲ್ಲಿ ಮುಗಿಯುತ್ತಿತ್ತು. ಮುಚ್ಚಳ ಕಾಲಿನಿಂದ ಜಾರಿ ದಡಕ್ಕನೆ ಮುಚ್ಚಿಕೊಂಡಿತು. ಎಂಟನೇ ಗೂಡಿನಲ್ಲಿ ದಾರ ಬೆಚ್ಚಿ ಎದ್ದು, ಪಕ್ಕದ ಖಾಲಿ ಗೂಡಿನ ಕಡೆ ಮೂಗು ತೂರಿಸಿ ಮೂಸಿ, ಅಲ್ಲಿ ಯಾರೂ ಇಲ್ಲದ್ದಕ್ಕೆ ಮತ್ತೆ ಮಲಗಿದ. ಅವನು ಗೂಡಿನ ಬಾಗಿಲು ತೆಗೆದು ಕೈ ಒಳಗೆ ಹಾಕಿದ. ಮರಿಯ ಹೊಟ್ಟೆ ಬೆಚ್ಚಗಿತ್ತು. ತೊಡೆಯ ಒಳಗೆ ಬೆರಳಿಟ್ಟು, ಏನೂ ಇರದಿರಲಿ, ಎಲ್ಲ ಸರಿ ಇರಲಿ, ಇವನದ್ದು ಸರಿ ಇದ್ದರೆ ಈ ಕಾಗದವನ್ನು ಈಗಲೇ ಸುಟ್ಟುಬಿಡುತ್ತೇನೆ ಎಂದುಕೊಂಡ. ಇಂಥ ಹೊತ್ತಿನಲ್ಲೂ ತಾನು ಕೇಳಿಕೊಂಡದ್ದು ತನಗಾಗಿಯೇ ಎಂದು ತಿಳಿದು ನಾಚಿಕೆಯಾಯಿತು. ಹನ್ನೆರಡು ಬಡಿತ ಸರಿಯಾಗಿ ಬಂದವು. ಹದಿಮೂರನೆಯದು ಇರಲಿಲ್ಲ.

ಊಟದ ಹೊತ್ತಿನಲ್ಲಿ, ವಾರ್ಡು ಖಾಲಿ ಇದ್ದಾಗ, ಯಾರನ್ನೂ ಕೇಳದೆ ಅವನು ದಾರನನ್ನು ಮೇಜಿನ ಮೇಲೆ ಮಲಗಿಸಿ ಕ್ಲಿಪ್ಪು ಹಾಕಿದ. ಮರಿ ನಡುಗಲೂ ಇಲ್ಲ. ಅವನ ಮಣಿಕಟ್ಟು ನೆಕ್ಕುತ್ತ ಮಲಗಿತು. ಅವನಿಗೆ ಕಳ್ಳನೆಪವೊಂದೂ ಉಳಿಯದಂತೆ ಅಷ್ಟು ಸುಮ್ಮನೆ ಮಲಗಿತು. ಕಾಗದ ಬಂತು. ದಡಿಯನೂ ಬಂದ, ಒಮ್ಮೆ ಒಬ್ಬನೇ, ಆಮೇಲೆ ಇಬ್ಬರು ಜೋಡಿಯಾಗಿ.

ಡಾಕ್ಟರಮ್ಮ ತನ್ನ ಕೋಣೆಯಲ್ಲಿ ನಿಂತೇ ಊಟ ಮಾಡುತ್ತಿದ್ದಳು. ಅವನು ಮೊದಲು ದಾರನ ಕಾಗದ ಕೊಟ್ಟ. ಅದೊಂದನ್ನೇ ಕೊಟ್ಟು ಬಂದುಬಿಡುವುದೆಂದು ಓಣಿಯಲ್ಲಿ ನಿರ್ಧರಿಸಿದ್ದ. ಮರಿ ಉಳಿದರೆ ಸಾಕಲ್ಲ. ಅವಳು ಚಮಚ ಕೆಳಗಿಟ್ಟು ಕಾಗದವನ್ನು ಕಿಟಕಿಗೆ ಹಿಡಿದಳು. "ಇದು ಯಾವಾಗ? ಈಗಲಾ? ಅಯ್ಯೋ ದೇವರೇ, ಇದನ್ನ ನಾನು ಸಂಜೆ ಕಳಿಸ್ತಿದ್ದೆ." ಆಮೇಲೆ ಅವಳ ಮುಖದಲ್ಲಿ ಏನೋ ನಿಧಾನವಾಗಿ ತಿರುಗಿತು. "ಆದ್ರೆ ಸೂಜಿದು ಚೊಕ್ಕ ಇತ್ತಲ್ಲ?"

ಅವನು ಜೇಬಿನಿಂದ ಚೀಟಿ ತೆಗೆದ. ಮಡಿಕೆ ಬಿಡಿಸಿ ಮೇಜಿನ ಮೇಲಿಟ್ಟ. ಅವಳು ನೋಡಿದಳು. ಫೈಲು ತೆಗೆದು ಅಂಟಿಸಿದ ತುಂಡಿನ ಎಡಗಡೆಗೆ ಅದನ್ನು ಹಿಡಿದಳು. ಅಂಚಿಗೆ ಅಂಚು ಸರಿಯಾಗಿ ಕೂತಿತು, ಅಡಿಕೋಲಿಟ್ಟು ಹರಿದದ್ದಲ್ಲವೇ.

"ಗೊತ್ತಿತ್ತಾ?"

"ನಡುಕ ಅಂದ್ಕೊಂಡೆ," ಎಂದ. "ಇಲ್ಲ ಮೇಡಂ. ಗೊತ್ತಿತ್ತು. ಬೆರಳಿಗೆ ಸಿಕ್ಕಿತ್ತು."

ಬಯ್ಯುತ್ತಾಳೆ ಎಂದು ಕಾದ. ಬಯ್ದಿದ್ದರೆ ಎಷ್ಟೋ ಮೇಲಾಗುತ್ತಿತ್ತು. ಅವಳು ಕುರ್ಚಿಯ ಮೇಲೆ ಕುಸಿದು ಕೂತು, ಅವನಿಗಲ್ಲ, ಊಟದ ಡಬ್ಬಕ್ಕೆ ಹೇಳುವ ಹಾಗೆ ಹೇಳಿದಳು: "ನನಗೂ ಕೇಳಿಸಿತ್ತು. ಸೋಮವಾರ ಈ ಕಿವಿಯಾರೆ ಕೇಳಿದ್ದೆ. ನಿಮ್ಮ ಕಾಗದ ನೋಡಿ ನನ್ನ ಕಿವೀನೇ ಸುಳ್ಳು ಅಂದ್ಕೊಂಡೆ." ಮತ್ತೆ ಎದ್ದಳು, ಮತ್ತೆ ಡಾಕ್ಟರಾದಳು. ದಾರನಿಗೆ ಔಷಧಿ ಬರೆದಳು, ಗೂಡಿನಿಂದ ಇಳಿಸಬಾರದು, ಕುಣಿಸಬಾರದು, ಹೆದರಿಸಬಾರದು, ಸಂಜೆ ಮತ್ತೊಂದು ಇಸಿಜಿ. "ಬದುಕಿದ್ರೂ ಬದುಕಬಹುದು. ಮಾತು ಕೊಡೋಕಾಗಲ್ಲ." ಹರಿದ ತುಂಡನ್ನು ಅವನ ಕಡೆ ತಳ್ಳಿದಳು. "ಇದನ್ನ ಫೈಲಿಗೆ ಅಂಟಿಸ್ಬೇಡಿ. ಆ ಹೆಂಗಸಿಗೆ ಹೇಳೋದೂ ಬೇಡ. ಹೇಳಿದ್ರೆ ಸತ್ತದ್ದು ಎದ್ದು ಬರುತ್ತಾ? ನಿಮ್ಮ ಕೆಲಸ ಹೋಗುತ್ತೆ, ನನ್ನ ಹೆಸರು ಹೋಗುತ್ತೆ. ನಾಳೆಯಿಂದ ಏನು ಬರುತ್ತೋ ಅಷ್ಟೂ ಕಾಗದ ನನಗೆ ಬೇಕು. ಕೋಳಿ ಕೆದಕಿದ್ರೂ ಸರಿ." ಈ ಮಾತು ಅವಳಿಗೆ ಹೇಗೆ ಗೊತ್ತು ಎಂದು ಅವನು ಬೆಚ್ಚಿದ. ಯಾರಾದರೂ ಆಡುವ ಮಾತು ಎಂದು ಆಮೇಲೆ ನೆನಪಾಯಿತು. ಹೊರಗೆ ಬಂದಾಗ ಅವನಿಗೆ ಹಗುರಾಯಿತು, ಹಗುರಾದದ್ದಕ್ಕೆ ತನ್ನ ಮೇಲೆ ಅಸಹ್ಯವೂ ಆಯಿತು. ಕಾದಿದ್ದ ಶಿಕ್ಷೆ ಸಿಗದೆ ಜೇಬಿಗೆ ಅದೇ ಕಾಗದ ವಾಪಸು ಬಂದಿತ್ತು.

ಐದು ಗಂಟೆಗೆ ಹೊಲಿಗೆಯಮ್ಮ ಬಂದಳು. ಬುಟ್ಟಿಯಲ್ಲಿ ಹೊಸ ಬಟ್ಟೆಯ ಹಾಸಿಗೆ, ಒಂದೇ. ಬೆರಳ ತುದಿಗಳಲ್ಲಿ ಸೂಜಿ ಚುಚ್ಚಿದ ಸಣ್ಣ ಕಪ್ಪು ಚುಕ್ಕಿಗಳು. ಅತ್ತಿರಲಿಲ್ಲ, ಅಥವಾ ಅತ್ತು ಮುಗಿದಿತ್ತು. ದಾರ ಇನ್ನೂ ಕೆಲವು ದಿನ ಇಲ್ಲೇ ಇರಬೇಕು, ಹೃದಯದಲ್ಲಿ ಸ್ವಲ್ಪ ತೊಂದರೆ ಕಂಡಿದೆ ಎಂದು ಡಾಕ್ಟರಮ್ಮ ನಿಧಾನವಾಗಿ ವಿವರಿಸಿದಳು. ಹೊಲಿಗೆಯಮ್ಮ ಎಲ್ಲದಕ್ಕೂ ತಲೆ ಆಡಿಸಿದಳು. ಕೊನೆಗೆ ಕೇಳಿದಳು: "ನಾನು ಕರೆದದ್ದೇ ತಪ್ಪಾಯ್ತಾ, ಡಾಕ್ಟ್ರೇ? ಸೂಜಿ ಹೊಲಿಗೆ ಮಷೀನಿನ ಕೆಳಗೆ ಮಲಗಿದ್ಲು. ನಾನು ಮೇಲಿನಿಂದ ಬಾರೇ ಅಂದೆ. ಕರೆದದ್ದಕ್ಕೇ ಓಡಿದ್ಲು. ಹನ್ನೊಂದು ಮೆಟ್ಟಿಲು. ಒಂಬತ್ತನೇದರಲ್ಲಿ..."

"ನಿಮ್ಮ ತಪ್ಪಲ್ಲಮ್ಮ. ಈ ಕಾಯಿಲೆನೇ ಹಾಗೆ," ಎಂದಳು ಡಾಕ್ಟರಮ್ಮ. ಸುಳ್ಳಲ್ಲ ಆ ಮಾತು. ಹೊರಗೆ ಯಾರೋ ಕರೆದರು, ಅವನ ಕಡೆ ಒಮ್ಮೆ ನೋಡಿ ಹೋದಳು.

ಹೊಲಿಗೆಯಮ್ಮ ಗೂಡಿನ ಸರಳಿಗೆ ಬೆರಳು ತೂರಿಸಿ ದಾರನ ಮೂಗು ಮುಟ್ಟುತ್ತ ನಿಂತಳು. "ಕರೀದೇ ಇದ್ದಿದ್ರೆ ಮಲಗಿರ್ತಿದ್ಲು," ಎಂದಳು, ಮರಿಗೆ. ಅವನು ಸ್ಪಿರಿಟ್ ಬಾಟಲಿಯ ಮುಚ್ಚಳ ತಿರುಗಿಸಿದ, ಮತ್ತೆ ಮುಚ್ಚಿದ. ಮನೆಯಲ್ಲಿ ಮಗಳ ಮದುವೆಯ ಮಾತು ನಡೆಯುತ್ತಿದೆ. ಈ ವಯಸ್ಸಿಗೆ ಇನ್ನೊಂದು ಕೆಲಸ ಯಾರು ಕೊಡುತ್ತಾರೆ? ಡಾಕ್ಟರಮ್ಮ ಬೇಡವೆಂದೇ ಹೇಳಿದ್ದಾಳೆ, ದೊಡ್ಡವರ ಮಾತು ಮೀರಬಾರದು. ಆದರೆ ಈ ಹೆಂಗಸು ಮನೆಗೆ ಹೋಗಿ ದಿನಕ್ಕೆ ಹತ್ತು ಸಲ ಆ ಮೆಟ್ಟಿಲು ಹತ್ತುತ್ತಾಳೆ, ಒಂಬತ್ತನೆಯದರ ಮೇಲೆ ಹತ್ತು ಸಲ ಕಾಲಿಡುತ್ತಾಳೆ.

"ಅಮ್ಮಾ, ನೀವು ಕರೆದದ್ದರಿಂದ ಅಲ್ಲ," ಎಂದ. ತನ್ನ ದನಿ ಯಾರದೋ ಎಂಬಂತೆ ಕೇಳಿತು. "ಅವಳನ್ನ ಕಳಿಸಲೇಬಾರದಿತ್ತು. ಬಡಿತ ತಪ್ಪುತ್ತಾ ಇತ್ತು. ಅದು ಕಾಗದದಲ್ಲಿ ಬಂದಿತ್ತು. ನಾನು ಅದನ್ನ ಹರಿದು, ಚೆನ್ನಾಗಿರೋದನ್ನ ಮಾತ್ರ ಡಾಕ್ಟರಿಗೆ ಕೊಟ್ಟೆ."

ಅವಳು ಅರ್ಥವಾಗದವಳಂತೆ ನೋಡಿದಳು. "ತೋರಿಸಿ."

ಕೊಟ್ಟ. ಅವಳ ಕೈಗೆ ಮುಂದುಗಡೆ ಬಂತು. ಹೊಲಿಯಲು ಕೊಟ್ಟವರ ಅಳತೆ ಓದುವ ಹಾಗೆ ಒಂದೊಂದನ್ನೇ ಗಟ್ಟಿಯಾಗಿ ಓದಿದಳು: "ಬಟ್ಟೆ ಸೋಪು ಎರಡು. ಉಪ್ಪು. ಬೆಂಕಿಪೊಟ್ಟಣ. ಬಚ್ಚಲಿಗೆ ಬಲ್ಬು, ಹಳದಿ ಬೇಡ." ಅವನಿಗೆ ಭೂಮಿ ಬಾಯಿ ಬಿಡಬಾರದೇ ಎನ್ನಿಸಿತು. "ಅದಲ್ಲಮ್ಮ, ಆ ಕಡೆ," ಎಂದು ತಿರುಗಿಸಿ ಕೊಟ್ಟು, ದಪ್ಪನೆಯದರ ಮೇಲೆ ಬೆರಳಿಟ್ಟ. "ಇದು. ಆಮೇಲೆ ಇದು."

"ಇದು ಡಾಕ್ಟರು ನೋಡಿದ್ದಿದ್ರೆ ಕಳಿಸ್ತಿರಲಿಲ್ವಾ?"

"ಕಳಿಸ್ತಿರಲಿಲ್ಲ."

"ಇಲ್ಲೇ ಇದ್ದಿದ್ರೆ ಬದುಕ್ತಿದ್ಲಾ?"

"ಗೊತ್ತಿಲ್ಲಮ್ಮ. ಬದುಕಬಹುದಿತ್ತು."

ಅವಳು ಕೂಗಲಿಲ್ಲ, ಶಾಪ ಹಾಕಲಿಲ್ಲ. ಕಾಗದವನ್ನು ಅದರ ಹಳೆಯ ಮಡಿಕೆಯಲ್ಲೇ ಮಡಚಿ, ಚೀಲದಲ್ಲಿ ಅಳತೆಯ ಟೇಪಿನ ಪಕ್ಕ ಇಟ್ಟುಕೊಂಡಳು. ವಾಪಸು ಕೇಳುವ ಧೈರ್ಯ ಅವನಿಗೆ ಬರಲಿಲ್ಲ. "ಬೆಳಗ್ಗೆಯಿಂದ ಹನ್ನೊಂದು ಮೆಟ್ಟಿಲು ಎಣಿಸ್ತಾ ಇದ್ದೆ," ಎಂದಷ್ಟೇ ಅಂದಳು. ಆಯಾ ಬಂದು, ಇಬ್ಬರ ಮುಖ ನೋಡಿ, ಬಕೆಟ್ಟು ಎತ್ತಿಕೊಂಡು ಹೋದಳು.

"ಸಂಜೆದು ತೆಗೀಬೇಕು," ಎಂದ ಅವನು ಕೊನೆಗೆ. ಮರಿಯನ್ನು ಎತ್ತಲು ಕೈ ಮುಂದೆ ಮಾಡಿದರೆ ಅವಳು ಅಡ್ಡ ಬಂದಳು. "ನಾನು ಹಿಡ್ಕೋತೀನಿ." ತಾನೇ ಎತ್ತಿ ಮೇಜಿನ ಮೇಲೆ ಮಲಗಿಸಿದಳು, ಯಾವ ಮಗ್ಗುಲು ಎಂದು ಕೇಳಿ ಬಲಕ್ಕೆ ತಿರುಗಿಸಿದಳು. ಕಚ್ಚುತ್ತದೆಯೇ ಎಂದು ಅವನ ಕ್ಲಿಪ್ಪನ್ನು ಒಮ್ಮೆ ತನ್ನ ಕಿರುಬೆರಳಿಗೆ ಸಿಕ್ಕಿಸಿ ನೋಡಿ ಕೊಟ್ಟಳು. ಅವನು ಗುಂಡಿ ಒತ್ತಿದ. ಯಂತ್ರ ಗುಂಯ್ ಎಂದು ಕಾಗದವನ್ನು ಹೊರಗೆ ದೂಡತೊಡಗಿತು. ಚೊಕ್ಕದು, ಚೊಕ್ಕದು, ಚೊಕ್ಕದು, ಆರು, ಏಳು, ಎಂಟು. ಐದಾರು ಇಂಚು ಇಷ್ಟು ಚೆನ್ನಾಗಿ ಬಂದದ್ದು ಕಂಡದ್ದೇ ತಡ, ಅವನ ಬಲಗೈ, ಅವನನ್ನು ಕೇಳದೆ, ಅಡಿಕೋಲಿನ ಕಡೆ ಹೋಯಿತು.

"ಇವನದ್ದು ಹರೀಬೇಡಿ," ಎಂದಳು ಅವಳು.

ಅವನು ಕೈ ತೆಗೆದ. ಕಾಗದ ಮೇಜಿನ ಅಂಚು ದಾಟಿ ಕೆಳಗಿಳಿಯಿತು, ನೆಲ ಮುಟ್ಟಿತು, ಅವನ ಒದ್ದೆ ಬೂಟಿನ ಮೇಲೆ ಸುತ್ತಿಕೊಳ್ಳತೊಡಗಿತು. ಒಂಬತ್ತನೆಯದು ದಪ್ಪಗೆ ಬಂತು. ಅವಳು ಕಾಗದವನ್ನು ನೋಡುತ್ತಿರಲಿಲ್ಲ. ಮರಿಯ ಎದೆಯ ಮೇಲೆ ಒಂದು ಕೈ ಇಟ್ಟು, ಯಂತ್ರ ನಿಲ್ಲುವವರೆಗೂ ಅವನ ಕೈಗಳನ್ನೇ ನೋಡುತ್ತಿದ್ದಳು.